ಪಿಸ್ತೂಲ್ ತೋಟಾಗಳ ಮರುಭರ್ತಿ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಮರುಭರ್ತಿ ಎಂದರೆ ಏನು ಮಾಡುವುದು?

ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂತು ಹೊಡೆತಕ್ಕೆ ಕಿಡಿ ಕೊಡುವ ಪ್ರೈಮರ್, ಒಳಗಿನ ಹೊಗೆರಹಿತ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು. ಹಾರಿಸಿದ ಮೇಲೆ ಕೈಗೆ ಉಳಿಯುವುದು ಕೇಸ್ ಒಂದೇ. ಅದನ್ನು ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ತೂಕ ಮಾಡಿದ ಮದ್ದು ಹಾಕಿ, ಹೊಸ ಗುಂಡು ಕೂರಿಸುವುದೇ ಮರುಭರ್ತಿ. ಪ್ರೈಮರನ್ನೂ ಮದ್ದನ್ನೂ ಕಾರ್ಖಾನೆಯಲ್ಲಿ ತಯಾರಾದದ್ದನ್ನೇ ಕೊಳ್ಳಬೇಕು. ಇವೆರಡನ್ನು ಮನೆಯಲ್ಲಿ ಮಾಡಲು ಹೋಗುವುದು ಈ ಹವ್ಯಾಸವಲ್ಲ, ಕೈ ಕಳೆದುಕೊಳ್ಳುವ ದಾರಿ.

ಇದಕ್ಕೆ ಅನುಮತಿ ಬೇಕೇ?

ದೇಶದಿಂದ ದೇಶಕ್ಕೆ ಕಾನೂನು ಬೇರೆ. ಕೆಲವೆಡೆ ಸ್ವಂತ ಬಳಕೆಗೆ ಮುಕ್ತ ಅವಕಾಶವಿದೆ, ಕೆಲವೆಡೆ ಮದ್ದು ಮತ್ತು ಪ್ರೈಮರ್ ಕೊಳ್ಳಲು ಪ್ರತ್ಯೇಕ ಪರವಾನಗಿ ಬೇಕು. ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ಇದಕ್ಕೂ ಅನುಮತಿ ಸಿಕ್ಕಿತೆಂದಲ್ಲ. ಸಾಮಾನು ಕೊಳ್ಳುವ ಮೊದಲೇ ಪರವಾನಗಿ ಕೊಡುವ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮನೆಯಲ್ಲಿ ಇಡಬಹುದಾದ ಮದ್ದಿಗೂ ಪ್ರೈಮರ್‌ಗೂ ಮಿತಿ ಇರುತ್ತದೆ, ಅದನ್ನೂ ಕೇಳಿ.

ದುಡ್ಡು ಉಳಿಯುತ್ತದೆಯೇ?

9 ಎಂ.ಎಂ. ಕ್ಯಾಲಿಬರ್‌ನಲ್ಲಿ (ಕ್ಯಾಲಿಬರ್ ಎಂದರೆ ತೋಟಾದ ಅಳತೆ, ಬಗೆ) ಉಳಿತಾಯ ಕಡಿಮೆ, ಏಕೆಂದರೆ ಕಾರ್ಖಾನೆಯ ತೋಟಾವೇ ಅಗ್ಗ. .38 ಸ್ಪೆಷಲ್, .357 ಮ್ಯಾಗ್ನಮ್, .44 ಮ್ಯಾಗ್ನಮ್, .45 ಎಸಿಪಿಗಳಲ್ಲಿ ಹೆಚ್ಚು. ಆದರೆ ಉಳಿಸಿದ್ದನ್ನೆಲ್ಲ ಇನ್ನಷ್ಟು ಗುಂಡು ಹಾರಿಸಿ ಖರ್ಚು ಮಾಡುವವರೇ ಜಾಸ್ತಿ. ನಿಜವಾದ ಲಾಭ ಬೇರೆ: ನಿಮ್ಮ ಪಿಸ್ತೂಲಿಗೆ ಹೊಂದುವ, ಒದೆತ ಕಡಿಮೆ ಇರುವ, ಪ್ರತಿ ಸಲವೂ ಒಂದೇ ಥರ ನಡೆಯುವ ತೋಟಾ.

ಯಾವ ಕ್ಯಾಲಿಬರ್‌ನಿಂದ ಶುರು ಮಾಡುವುದು ಒಳ್ಳೆಯದು?

9 ಎಂ.ಎಂ. ಪಿಸ್ತೂಲು, .38 ರಿವಾಲ್ವರ್ ಎರಡೂ ಇದ್ದರೆ .38 ಸ್ಪೆಷಲ್. ಕೇಸ್ ಉದ್ದ, ಬೆರಳಿಗೆ ಸುಲಭವಾಗಿ ಸಿಗುತ್ತದೆ. ಒತ್ತಡದ ಮಿತಿ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಾತ್ರ. ಖಾಲಿ ಕೇಸ್ ರಿವಾಲ್ವರಿನಲ್ಲೇ ಉಳಿಯುವುದರಿಂದ ನೆಲದಲ್ಲಿ ಹುಡುಕುವ ಕೆಲಸವಿಲ್ಲ. ಅದರಲ್ಲೂ ಒಂದು ತೊಡಕಿದೆ. 1898ರ ಸುಮಾರಿಗೆ ಕಪ್ಪುಮದ್ದಿನ ಕಾಲದಲ್ಲಿ ಬಂದ ಕೇಸ್ ಆದ್ದರಿಂದ ಒಳಗೆ ಜಾಗ ತುಂಬಾ. ಇಂದಿನ ಮದ್ದು ತಳದಲ್ಲಿ ಒಂದಿಷ್ಟು ಮಾತ್ರ ಕೂರುತ್ತದೆ. ತಪ್ಪಿ ಎರಡು ಸಲ ಬಿದ್ದರೂ ತುಂಬಿ ಚೆಲ್ಲುವುದಿಲ್ಲ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. 9 ಎಂ.ಎಂ.ನ ಮಿತಿ 35,000 ಪಿಎಸ್‌ಐ, ಕೇಸ್ ಚಿಕ್ಕದು, ಹೀಗಾಗಿ ಸಣ್ಣ ತಪ್ಪಿಗೂ ಒತ್ತಡ ಬೇಗ ಏರುತ್ತದೆ. .45 ಎಸಿಪಿ (21,000 ಪಿಎಸ್‌ಐ) ಕಲಿಯುವವರಿಗೆ 9 ಎಂ.ಎಂ.ಗಿಂತ ಸೌಮ್ಯ.

ಏನೇನು ಸಾಮಾನು ಬೇಕು?

ಪ್ರೆಸ್ (ಹ್ಯಾಂಡಲ್ ಎಳೆದು ಒತ್ತುವ ಯಂತ್ರ), ನಿಮ್ಮ ಕ್ಯಾಲಿಬರ್‌ನ ಡೈ ಸೆಟ್ (ಕೇಸಿಗೆ ಆಕಾರ ಕೊಡುವ ಅಚ್ಚುಗಳು), ಕೇಸಿನ ಬುಡ ಹಿಡಿಯುವ, ಅದಕ್ಕೆ ಹೊಂದುವ ಶೆಲ್ ಹೋಲ್ಡರ್, ತಕ್ಕಡಿ, ಮದ್ದು ಅಳೆಯುವ ಮೆಷರ್, ಡಯಲ್ ಅಥವಾ ಡಿಜಿಟಲ್ ಕ್ಯಾಲಿಪರ್, 50 ಕುಳಿಗಳ ಲೋಡಿಂಗ್ ಬ್ಲಾಕ್, ಗುಂಡು ಕೀಳುವ ಸುತ್ತಿಗೆ, ಕಣ್ಣಿನ ಕನ್ನಡಕ. ಎಲ್ಲಕ್ಕಿಂತ ಮೊದಲು ಒಂದು ಹೊಸ ಮರುಭರ್ತಿ ಕೈಪಿಡಿ. ಅದರ ಮೊದಲ ಅಧ್ಯಾಯಗಳನ್ನು ಪೂರ್ತಿ ಓದದೆ ಪ್ರೆಸ್ ಬೋಲ್ಟ್ ಬಿಗಿಯಬೇಡಿ.

ಪ್ರೆಸ್ಸಿನಲ್ಲಿ ಮೂರು ಬಗೆ. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ. ಎಲ್ಲ ಕೇಸ್‌ಗಳಿಗೂ ಒಂದು ಕೆಲಸ ಮುಗಿಸಿ ಮುಂದಿನದಕ್ಕೆ ಹೋಗಬೇಕು, ಗಂಟೆಗೆ 50ರಿಂದ 100 ತೋಟಾ. ಟರೆಟ್‌ನಲ್ಲಿ ಡೈಗಳು ತಿರುಗುವ ತಲೆಯ ಮೇಲಿರುತ್ತವೆ. ಪ್ರೊಗ್ರೆಸಿವ್‌ನಲ್ಲಿ ಹ್ಯಾಂಡಲ್ ಎಳೆದಾಗಲೆಲ್ಲ ಒಂದು ತೋಟಾ ಹೊರಬರುತ್ತದೆ. ನಮ್ಮ ಸಲಹೆ ಸಿಂಗಲ್ ಸ್ಟೇಜ್ ಅಥವಾ ಟರೆಟ್. ಪ್ರೊಗ್ರೆಸಿವ್ ಕೆಟ್ಟದೇನಲ್ಲ, ಆದರೆ ಐದು ಕಡೆ ಐದು ಕೆಲಸ ಒಟ್ಟಿಗೆ ನಡೆಯುವಾಗ ಯಾವುದು ತಪ್ಪಿತೆಂದು ತಿಳಿಯಲು ಆ ಐದೂ ಕೆಲಸ ಬಿಡಿಬಿಡಿಯಾಗಿ ಕೈಗೆ ಹತ್ತಿರಬೇಕು.

ಡೈ ಕೊಳ್ಳುವಾಗ ಕಾರ್ಬೈಡ್ ರಿಂಗ್ ಇರುವುದನ್ನೇ ಆರಿಸಿ. ಪಿಸ್ತೂಲಿನ ನೇರ ಗೋಡೆಯ ಕೇಸ್‌ಗಳಿಗೆ ಎಣ್ಣೆ ಸವರುವ ಕೆಲಸ ತಪ್ಪುತ್ತದೆ. ತಕ್ಕಡಿ 0.1 ಗ್ರೇನ್ ತೋರಿಸಬೇಕು, ಅಂದರೆ ಸುಮಾರು 6.5 ಮಿಲಿಗ್ರಾಂ. ಅದರ ಜೊತೆ ಪರೀಕ್ಷಾ ತೂಕದ ಬಟ್ಟುಗಳಿರಲಿ. ಡಿಜಿಟಲ್ ತಕ್ಕಡಿಯನ್ನು ಹತ್ತು ನಿಮಿಷ ಬೆಚ್ಚಗಾಗಲು ಬಿಟ್ಟು, ಫ್ಯಾನ್ ಆರಿಸಿ, ಬಟ್ಟಿನಿಂದ ಪರೀಕ್ಷಿಸಿದ ಮೇಲೆಯೇ ನಂಬಿ.

ಯಾವ ಕೇಸ್ ಇಡಬೇಕು, ಯಾವುದನ್ನು ಎಸೆಯಬೇಕು?

ಬಾಯಲ್ಲಿ ಸೀಳಿದ್ದು, ಬುಡದ ಬಳಿ ಹೊಳೆವ ಗೆರೆ ಕಂಡದ್ದು, ಬುಡ ಉಬ್ಬಿದ್ದು, ಪ್ರೈಮರ್ ಕೈಯೊತ್ತಿದರೂ ಒಳಗೆ ಹೋಗುವಷ್ಟು ಸಡಿಲವಾದದ್ದು, ಇವೆಲ್ಲ ಕಸದ ಬುಟ್ಟಿಗೆ. ಉಕ್ಕು ಮತ್ತು ಅಲ್ಯೂಮಿನಿಯಂ ಕೇಸ್ ಇಟ್ಟುಕೊಳ್ಳಬೇಡಿ.

ಕೇಸಿನೊಳಗೆ ಬೆಳಕು ಬಿಟ್ಟು ನೋಡಿ. ಮಧ್ಯದಲ್ಲಿ ಒಂದೇ ರಂಧ್ರವಿದ್ದರೆ ಬಾಕ್ಸರ್, ಅದು ನಮಗೆ ಬೇಕಾದದ್ದು. ಎರಡು ಸಣ್ಣ ರಂಧ್ರವಿದ್ದರೆ ಬರ್ಡನ್. ಅದನ್ನು ಡೈಗೆ ಹಾಕಿದರೆ ಪ್ರೈಮರ್ ತಳ್ಳುವ ಪಿನ್ ಬಾಗುತ್ತದೆ ಇಲ್ಲವೇ ಮುರಿಯುತ್ತದೆ.

ಹೊಸಬರನ್ನು ಹೆಚ್ಚು ಕಾಡುವುದು ಬೆರಕೆ. .380 ಎಸಿಪಿ ಕೇಸ್ 17.27 ಮಿ.ಮೀ., 9 ಎಂ.ಎಂ. 19.15 ಮಿ.ಮೀ.; ರಾಶಿಯಲ್ಲಿ ಕಣ್ಣಿಗೆ ಒಂದೇ ಥರ. ಒಳಕ್ಕೆ ಸೇರಿಬಿಟ್ಟ .380 ಕೇಸಿನ ಗುಂಡು ಸಡಿಲವಾಗಿ ಕೂರುತ್ತದೆ. .45 ಎಸಿಪಿಯಲ್ಲಿ ಇನ್ನೊಂದು ತಂಟೆ: ಹಳೆಯವು ದೊಡ್ಡ ಪ್ರೈಮರಿನವು (5.33 ಮಿ.ಮೀ.), ಈಚಿನ ಕೆಲವು ಸಣ್ಣ ಪ್ರೈಮರಿನವು (4.45 ಮಿ.ಮೀ.). ಸಣ್ಣ ಗುಳಿಗೆ ದೊಡ್ಡ ಪ್ರೈಮರ್ ಒತ್ತಿದರೆ ಅದು ಅಲ್ಲೇ ಸಿಡಿಯಬಹುದು. ಹ್ಯಾಂಡಲ್ ಎಂದಿಗಿಂತ ಗಟ್ಟಿ ಎನಿಸಿದ ಕೂಡಲೇ ನಿಲ್ಲಿಸಿ, ನೋಡಿ.

ಹಗುರ ಲೋಡ್ (ಕಡಿಮೆ ಮದ್ದು) ಹಾಕಿದ .38 ಸ್ಪೆಷಲ್ ಕೇಸ್ ಹತ್ತಾರು ಸಲ ಬಾಳುತ್ತದೆ. ಪಿಸ್ತೂಲಿನ ನೇರ ಕೇಸ್‌ಗಳು ಬೆಳೆಯುವುದಕ್ಕಿಂತ ಕುಗ್ಗುವುದೇ ಹೆಚ್ಚು, ಹಾಗಾಗಿ ರೈಫಲ್ ಕೇಸಿನಂತೆ ಪ್ರತಿ ಸಲ ಕತ್ತರಿಸಬೇಕಿಲ್ಲ.

ಕೇಸ್ ತೊಳೆಯಲೇಬೇಕೇ?

ಹೊಳೆಯಬೇಕಿಲ್ಲ, ಆದರೆ ಮರಳು ಮಸಿ ಇರಬಾರದು. ಅವು ಡೈಯನ್ನು ಗೀರುತ್ತವೆ. ಮೆಕ್ಕೆಜೋಳದ ದಿಂಡಿನ ಪುಡಿ ಅಥವಾ ಅಕ್ರೋಟಿನ ಚಿಪ್ಪಿನ ಪುಡಿ ತುಂಬಿದ ಟಂಬ್ಲರಿನಲ್ಲಿ (ಕೇಸ್ ಉಜ್ಜುವ ಯಂತ್ರ) ಒಂದೆರಡು ಗಂಟೆ ತಿರುಗಿಸಿದರೆ ಸಾಕು. ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆದರೆ ಧೂಳು ಕಡಿಮೆ, ಆದರೆ ಒಂದು ಹನಿ ನೀರೂ ಉಳಿಯದಂತೆ ಒಣಗಿಸಬೇಕು. ತೇವ ಉಳಿದರೆ ಪ್ರೈಮರ್ ಮದ್ದು ಎರಡೂ ಕೆಡುತ್ತವೆ. ತೊಳೆದ ಮೇಲೆ ಕೇಸಿನೊಳಗೆ ಕೇಸ್ ಅಥವಾ ಪಿನ್ ಸಿಕ್ಕಿಕೊಂಡಿಲ್ಲವೆಂದು ನೋಡಿ.

ಕೆಲಸದ ಕ್ರಮ ಹೇಗೆ?

ಮೊದಲ ಡೈ ಕೇಸನ್ನು ಅಳತೆಗೆ ಕುಗ್ಗಿಸಿ, ಹಳೆ ಪ್ರೈಮರನ್ನು ಹೊರಗೆ ತಳ್ಳುತ್ತದೆ. ಕಾರ್ಬೈಡ್ ಡೈಯನ್ನು ಶೆಲ್ ಹೋಲ್ಡರಿಗೆ ಬಿಗಿಯಾಗಿ ಅಪ್ಪಳಿಸುವಂತೆ ಇಳಿಸಬೇಡಿ. ರಿಂಗ್ ಗಡುಸು, ಹಾಗಾಗಿ ಒಡೆಯುತ್ತದೆ. ಕೂದಲೆಳೆ ಅಂತರ ಬಿಡಿ.

ಎರಡನೆಯ ಡೈ ಬಾಯನ್ನು ಸ್ವಲ್ಪ ಅರಳಿಸುತ್ತದೆ. ಗುಂಡನ್ನು ಬೆರಳಿನಿಂದ ಇಟ್ಟರೆ ಬೀಳದೆ ನೇರ ನಿಲ್ಲುವಷ್ಟು ಸಾಕು. ಅತಿಯಾಗಿ ಅರಳಿಸಿದರೆ ಹಿತ್ತಾಳೆ ಬೇಗ ದಣಿದು ಬಾಯಿ ಸೀಳುತ್ತದೆ, ಕಡಿಮೆಯಾದರೆ ಗುಂಡಿನ ತಳ ಕೆರೆದು ಸೀಸದ ಸಿಪ್ಪೆ ಏಳುತ್ತದೆ.

ಮೂರನೆಯದು ಪ್ರೈಮರ್. ಕನ್ನಡಕ ಹಾಕಿಕೊಳ್ಳಿ. ಬೆರಳಿಗೆ ಎಣ್ಣೆ ಬೇಡ. ಪ್ರೈಮರ್ ಕೇಸಿನ ಬುಡಕ್ಕಿಂತ 0.08ರಿಂದ 0.13 ಮಿ.ಮೀ. ಒಳಗಿರಬೇಕು, ಬೆರಳು ಸವರಿದರೆ ತಗ್ಗು ಗೊತ್ತಾಗುತ್ತದೆ, ಉಬ್ಬು ತಟ್ಟಿದರೆ ಸರಿ ಕೂತಿಲ್ಲ. ಉಬ್ಬಿದ ಪ್ರೈಮರ್ ರಿವಾಲ್ವರಿನ ಸಿಲಿಂಡರನ್ನು ತಡೆಯುತ್ತದೆ. ಇತರ ಪಿಸ್ತೂಲಿನಲ್ಲಿ ಮೊದಲ ಹೊಡೆತ ಪ್ರೈಮರನ್ನು ಒಳಗೆ ಕೂರಿಸುವುದಕ್ಕೇ ಖರ್ಚಾಗಿ, ಎರಡನೆಯ ಸಲಕ್ಕೆ ಸಿಡಿಯುತ್ತದೆ. ಮದ್ದು ತುಂಬಿದ ತೋಟಾದಲ್ಲಿ ಮೇಲೆದ್ದ ಪ್ರೈಮರನ್ನು ಮತ್ತೆ ಒತ್ತಲು ಹೋಗಲೇಬೇಡಿ.

ಆಮೇಲೆ ಮದ್ದು, ಅದರ ಪ್ರಶ್ನೆ ಕೆಳಗೆ ಬೇರೆಯಾಗಿದೆ. ಕೊನೆಗೆ ಗುಂಡು ಕೂರಿಸುವುದು ಮತ್ತು ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಗುಂಡಿನ ಸುತ್ತ ಒತ್ತುವುದು. ಈ ಎರಡನ್ನೂ ಒಂದೇ ಡೈ ಮಾಡಬಲ್ಲದು, ಆದರೂ ಬೇರೆ ಬೇರೆ ಡೈ ಇದ್ದರೆ ಹೊಂದಿಸುವುದು ಸುಲಭ.

ಡೈ ಹೊಂದಿಸಲು ಮೊದಲು ಪ್ರೈಮರೂ ಮದ್ದೂ ಇಲ್ಲದ ಒಂದೆರಡು ಡಮ್ಮಿ ತೋಟಾ ಮಾಡಿ. ಅವನ್ನು ಬೇರೆ ಬಣ್ಣದಿಂದ ಗುರುತಿಸಿ ಕೈಗೆ ಸಿಗುವಲ್ಲೇ ಇಡಿ. ಮುಂದಿನ ಸಲ ಡೈ ಹೊಂದಿಸಲು ಅದೇ ಮಾದರಿ.

ಮದ್ದು ಎಷ್ಟು ಹಾಕಬೇಕು?

ಕೈಪಿಡಿ ಹೇಳಿದಷ್ಟು. ಗುಂಡಿನ ತೂಕ, ಬಗೆ, ಮದ್ದಿನ ಹೆಸರು, ಪ್ರೈಮರ್, ಒಟ್ಟು ಉದ್ದ, ಇವೆಲ್ಲ ನಿಮ್ಮದಕ್ಕೆ ಹೊಂದುವ ಸಾಲನ್ನೇ ಹುಡುಕಿ. ಆರಂಭಿಕ ತೂಕದಿಂದ ಶುರು ಮಾಡಿ. ಕೋಷ್ಟಕದಲ್ಲಿ ಗರಿಷ್ಠ ಮಾತ್ರ ಇದ್ದರೆ ಅದರ ಶೇಕಡಾ 10 ಕಡಿಮೆ ಮಾಡಿ. ಏರಿಸುವುದಾದರೆ 0.1ರಿಂದ 0.2 ಗ್ರೇನ್ ಹಂತದಲ್ಲಿ, ಒಂದೊಂದು ಹಂತಕ್ಕೆ ಹತ್ತೇ ತೋಟಾ ಮಾಡಿ ಹಾರಿಸಿ ನೋಡಿ. ಹಂತದ ನಡುವೆ ಗುಂಡು, ಕೇಸ್, ಪ್ರೈಮರ್ ಯಾವುದನ್ನೂ ಬದಲಿಸಬೇಡಿ. ಬದಲಿಸಿದರೆ ಮತ್ತೆ ಕೆಳಗಿನಿಂದ. ಒಂದು ಮದ್ದಿಗೆ ಬದಲಾಗಿ ಹೆಸರು ಹೋಲುವ ಇನ್ನೊಂದನ್ನು ಹಾಕಿದವರೇ ಬಂದೂಕು ಒಡೆಸಿಕೊಂಡದ್ದು. ಒಂದೇ ಹೆಸರಿನಲ್ಲಿ ಸಂಖ್ಯೆ ಬೇರೆಯಾದರೆ ಅದು ಬೇರೆಯೇ ಮದ್ದು.

ಮೆಷರ್ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಹೊಸದಾಗಿ ತುಂಬಿದ ಮೆಷರ್‌ನ ಮೊದಲ ಹತ್ತು ಅಳತೆಯನ್ನು ಡಬ್ಬಿಗೇ ಹಿಂದಕ್ಕೆ ಹಾಕಿ. ಮದ್ದು ಕೂತ ಮೇಲೆ ತೂಕ ಸ್ಥಿರವಾಗುತ್ತದೆ. ಆಮೇಲೆ ಹತ್ತು ಅಳತೆಯನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಪ್ರತಿ ಸಲ ಹ್ಯಾಂಡಲನ್ನು ಒಂದೇ ಬಲದಲ್ಲಿ ಎಳೆಯಿರಿ. ಕೆಲಸದ ನಡುವೆ ಹತ್ತರಲ್ಲಿ ಒಂದನ್ನು ತೂಗುತ್ತಿರಿ.

ಮದ್ದು ಎರಡು ಸಲ ಬಿದ್ದರೆ? ಬೀಳದೇ ಹೋದರೆ?

ಎರಡು ಸಲ ಬಿದ್ದರೆ ಸಿಡಿತಕ್ಕೆ ಬಂದೂಕು ಒಡೆಯಬಹುದು. ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕುತ್ತದೆ. ಎರಡನ್ನೂ ತಡೆಯುವ ಉಪಾಯ ಒಂದೇ: 50 ಕೇಸ್ ಬ್ಲಾಕಿನಲ್ಲಿ ನಿಲ್ಲಿಸಿ, ಮದ್ದು ಹಾಕಿ ಮುಗಿದ ಮೇಲೆ ಮೇಲಿನಿಂದ ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡಿ. ಮಟ್ಟ ಎಲ್ಲದರಲ್ಲೂ ಒಂದೇ ಇರಬೇಕು. ನೋಡಿದ ಮೇಲೆಯೇ ಗುಂಡು ಇಡಿ. ಖಾಲಿ ಕೇಸ್‌ಗಳನ್ನು ಬಾಯಿ ಕೆಳಗೆ ಮಾಡಿ ಬ್ಲಾಕಿನಲ್ಲಿ ನಿಲ್ಲಿಸಿ, ಮದ್ದು ಹಾಕುವಾಗ ಮಾತ್ರ ತಿರುಗಿಸಿ; ಇಷ್ಟರಲ್ಲೇ ಅರ್ಧ ಗೊಂದಲ ಹೋಗುತ್ತದೆ.

ಇನ್ನೊಂದು ಉಪಾಯ ಮದ್ದಿನ ಆಯ್ಕೆಯಲ್ಲಿದೆ. ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ, ಹಗುರ ಮತ್ತು ಗಾತ್ರ ದೊಡ್ಡದಾದ ಮದ್ದು ಆರಿಸಿದರೆ ಎರಡನೆಯ ಅಳತೆ ಹೊರಗೆ ಚೆಲ್ಲಿ ತಾನೇ ಎಚ್ಚರಿಸುತ್ತದೆ. ಹೊಸಬರಿಗೆ ನಾವು ಮದ್ದು ಉರಿಯುವ ವೇಗಕ್ಕಿಂತ ಈ ಗುಣವನ್ನೇ ಮೊದಲು ನೋಡಲು ಹೇಳುತ್ತೇವೆ. ಮದ್ದು ಹಾಕುವಾಗ ಫೋನ್ ಬಂದರೆ, ಯಾರಾದರೂ ಕರೆದರೆ, ಆ ಬ್ಲಾಕನ್ನು ಪೂರ್ತಿ ಖಾಲಿ ಮಾಡಿ ಮೊದಲಿನಿಂದ ಹಾಕಿ. ಎಲ್ಲಿಗೆ ನಿಲ್ಲಿಸಿದ್ದೆವೆಂದು ನೆನಪಿದೆ ಎನಿಸಿದರೂ ಹಾಗೇ ಮಾಡಿ.

ಒಟ್ಟು ಉದ್ದ ಅಷ್ಟು ಮುಖ್ಯವೇ?

9 ಎಂ.ಎಂ.ಗೆ ಗರಿಷ್ಠ 29.69 ಮಿ.ಮೀ. ಇದು ಮ್ಯಾಗಜೀನಿನಲ್ಲಿ ಹಿಡಿಯುವ ಮಿತಿ. ನಿಮ್ಮ ಗುಂಡಿನ ಆಕಾರಕ್ಕೆ ಸರಿಯಾದ ಉದ್ದ ಇದಕ್ಕಿಂತ ಕಡಿಮೆ ಇರಬಹುದು. ಉದ್ದ ಹೆಚ್ಚಾದರೆ ಗುಂಡು ನಳಿಗೆಯ ಗೀರುಗಳಿಗೆ ತಾಗಿ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ. ಕಡಿಮೆಯಾದರೆ ಮದ್ದಿಗೆ ಉರಿಯಲು ಜಾಗ ಕಿರಿದಾಗಿ ಒತ್ತಡ ಏರುತ್ತದೆ, 9 ಎಂ.ಎಂ.ನಂಥ ಚಿಕ್ಕ ಕೇಸಿನಲ್ಲಿ ಅರ್ಧ ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ.

ಪರೀಕ್ಷೆ ಸುಲಭ. ಪಿಸ್ತೂಲಿನ ನಳಿಗೆ ಬಿಚ್ಚಿ, ಡಮ್ಮಿ ತೋಟಾವನ್ನು ಅದರ ಕೋಣೆಗೆ (ನಳಿಗೆಯ ಹಿಂದೆ ತೋಟಾ ಕೂರುವ ಜಾಗ) ಬಿಡಿ. ಟಕ್ಕೆಂದು ಕೂತು, ಬೆರಳಲ್ಲಿ ಸಲೀಸಾಗಿ ತಿರುಗಿ, ನಳಿಗೆ ತಲೆಕೆಳಗಾದರೆ ತಾನೇ ಬೀಳಬೇಕು. ಒಂದು ಪಿಸ್ತೂಲಿಗೆ ಸರಿಹೊಂದಿದ್ದು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

ಯಾವ ಕ್ರಿಂಪ್, ಎಷ್ಟು ಬಿಗಿ?

9 ಎಂ.ಎಂ., .45 ಎಸಿಪಿಗಳಲ್ಲಿ ಕೇಸಿನ ಬಾಯೇ ಕೋಣೆಯ ಅಂಚಿಗೆ ತಾಗಿ ನಿಲ್ಲುತ್ತದೆ, ಆದ್ದರಿಂದ ಟೇಪರ್ ಕ್ರಿಂಪ್. ಅದರ ಕೆಲಸ ಅರಳಿಸಿದ್ದನ್ನು ನೇರ ಮಾಡುವುದಷ್ಟೆ, 9 ಎಂ.ಎಂ.ನ ಬಾಯಿ 9.65 ಮಿ.ಮೀ.ನ ಆಸುಪಾಸು ಬಂದರೆ ಸರಿ. ಮಿತಿಮೀರಿದರೆ ಬಾಯಿ ಒಳಕ್ಕೆ ಮಡಚಿ, ತೋಟಾ ಅತಿ ಮುಂದಕ್ಕೆ ಹೋಗಿ, ಪ್ರೈಮರಿಗೆ ಹೊಡೆಯುವ ಪಿಸ್ತೂಲಿನ ಪಿನ್ ತಾಗದೇ ಹೋಗಬಹುದು. ಗುಂಡನ್ನು ಹಿಡಿದಿಡುವುದು ಕ್ರಿಂಪಲ್ಲ, ಕೇಸ್ ಗೋಡೆಯ ಬಿಗುಪು. ತೋಟಾದ ಮೂತಿಯನ್ನು ಬೆಂಚಿಗೆ ಒತ್ತಿ ನೋಡಿ. ಗುಂಡು ಒಳಗೆ ಸರಿದರೆ ಬಿಗುಪು ಸಾಲದು, ಸುರಕ್ಷಿತವಲ್ಲ.

.38, .357, .44 ರಿವಾಲ್ವರ್ ತೋಟಾಗಳ ಅಂಚು ಹೊರಗೆ ಚಾಚಿರುವುದರಿಂದ ಬಾಯನ್ನು ಗುಂಡಿನ ತೋಡಿಗೆ ಮಡಚಬಹುದು: ರೋಲ್ ಕ್ರಿಂಪ್. ಇದಿಲ್ಲದಿದ್ದರೆ ಒದೆತಕ್ಕೆ ಉಳಿದ ತೋಟಾಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಸಿಕ್ಕುತ್ತದೆ. .357ರ ಕೇಸ್ .38ಗಿಂತ ಸುಮಾರು 3.4 ಮಿ.ಮೀ. ಉದ್ದ, ಹಾಗಾಗಿ ಡೈ ಒಂದೇ ಆದರೂ ಎರಡಕ್ಕೂ ಕ್ರಿಂಪನ್ನು ಬೇರೆ ಹೊಂದಿಸಬೇಕು.

ಗುಂಡು ಹಾರಿಸುವಾಗ ಸದ್ದು ಮಂಕಾಗಿ, ಒದೆತ ಇಲ್ಲದಂತಾದರೆ?

ಕುದುರೆಯಿಂದ (ಟ್ರಿಗರ್) ಬೆರಳು ತೆಗೆಯಿರಿ. ಮತ್ತೊಂದು ಗುಂಡು ಹಾರಿಸಬೇಡಿ. ನಳಿಗೆಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಸಿಡಿಯುವ ಸಾಧ್ಯತೆ ಇರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು, ಖಾಲಿ ಮಾಡಿ, ಕೋಣೆಯ ಕಡೆಯಿಂದ ಹಿತ್ತಾಳೆ ಕೋಲು ಹಾಕಿ ನಳಿಗೆ ತೆರೆದಿದೆಯೇ ನೋಡಿ. ಮದ್ದೇ ಇಲ್ಲದ ತೋಟಾದಲ್ಲೂ ಪ್ರೈಮರ್ ಒಂದೇ ಗುಂಡನ್ನು ನಳಿಗೆಯೊಳಗೆ ತಳ್ಳಬಲ್ಲದು. ಅದರ ಹಿಂದೆ ಇನ್ನೊಂದು ಬಂದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ವೇಗವಾಗಿ ಹಾರಿಸುವ ಅಭ್ಯಾಸವಿದ್ದವರಿಗೆ ಆ ಮಂಕು ಸದ್ದು ಕಿವಿಗೆ ಬೀಳುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತದೆ; ಹೊಸ ಲೋಡಿನ ಮೊದಲ ಹತ್ತನ್ನು ನಿಧಾನವಾಗಿ ಹಾರಿಸಿ.

ಒತ್ತಡ ಹೆಚ್ಚಾಗಿದೆ ಎಂದು ಪ್ರೈಮರ್ ನೋಡಿ ತಿಳಿಯಬಹುದೇ?

ಅದನ್ನು ನಂಬಿ ಕೂರಬೇಡಿ. ಚಪ್ಪಟೆಯಾದ ಪ್ರೈಮರ್ ಕಂಡರೆ ಲೋಡ್ ಕಡಿಮೆ ಮಾಡಿ, ಸರಿ. ಆದರೆ ಪಿಸ್ತೂಲಿನಲ್ಲಿ ಚಿಹ್ನೆ ಕಾಣುವ ಹೊತ್ತಿಗೆ ಮಿತಿ ದಾಟಿರಬಹುದು, ದುಂಡಗಿರುವ ಪ್ರೈಮರ್ ಸುರಕ್ಷಿತ ಎಂಬುದಕ್ಕೆ ಸಾಕ್ಷಿಯೂ ಅಲ್ಲ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದಕ್ಕಿಂತ ನೇರವಾಗಿ ಮಾತಾಡುತ್ತದೆ: ಕೈಪಿಡಿಯ ವೇಗಕ್ಕಿಂತ ನಿಮ್ಮದು ಗಮನಾರ್ಹವಾಗಿ ಹೆಚ್ಚಿದ್ದರೆ ಒತ್ತಡವೂ ಹೆಚ್ಚಿದೆ ಎಂದೇ ಎಣಿಸಿ. ಐಪಿಎಸ್‌ಸಿ (ಅಂತಾರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ಸ್ಪರ್ಧೆಗೆ ಹೋಗುವವರಿಗೆ ಈ ಯಂತ್ರ ಬೇಕೇಬೇಕು, ಏಕೆಂದರೆ ಅಲ್ಲಿ ತೋಟಾದ ಬಲಕ್ಕೆ ಕನಿಷ್ಠ ಮಿತಿಯಿದೆ. ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ. ಗುಣಿಸಿ 1000ದಿಂದ ಭಾಗಿಸಿದರೆ ಆ ಬಲದ ಲೆಕ್ಕ, ಅಂದರೆ ಪವರ್ ಫ್ಯಾಕ್ಟರ್. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130.2, ಮೈನರ್ ವರ್ಗದ ಕನಿಷ್ಠ 125.

ಸೀಸದ ಗುಂಡೇ, ತಾಮ್ರ ಲೇಪಿಸಿದ್ದೇ, ಜಾಕೆಟ್ ಹೊದಿಸಿದ್ದೇ?

ಸೀಸದ್ದು ಅಗ್ಗ, ನಿಧಾನ ವೇಗಕ್ಕೆ ಚೆನ್ನ. ವ್ಯಾಸ ಒಂದು ಕೂದಲೆಳೆ ಹೆಚ್ಚಿರುತ್ತದೆ, 9 ಎಂ.ಎಂ.ನಲ್ಲಿ 9.02ರ ಬದಲು 9.04 ಮಿ.ಮೀ. ಗುಂಡು ನಳಿಗೆಗಿಂತ ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸ ನಳಿಗೆಗೆ ಮೆತ್ತುತ್ತದೆ. ತಾಮ್ರ ಲೇಪಿಸಿದ್ದಕ್ಕೆ ಕ್ರಿಂಪ್ ಹೆಚ್ಚಾದರೆ ಲೇಪ ಕತ್ತರಿಸಿಹೋಗಿ ಗುರಿ ಹರಡುತ್ತದೆ. ಮೂರಕ್ಕೂ ಲೋಡ್ ಬೇರೆ ಬೇರೆ.

ಎಲ್ಲಿ ಇಡುವುದು, ಆರೋಗ್ಯಕ್ಕೆ ಏನು ಎಚ್ಚರ?

ಮದ್ದು ಅದರ ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ. ಪ್ರೈಮರ್ ಅದರ ಮೂಲ ತಟ್ಟೆಯಲ್ಲೇ. ಗಾಜಿನ ಸೀಸೆಗೆ ರಾಶಿ ಸುರಿದರೆ ಒಂದು ಸಿಡಿದಾಗ ಎಲ್ಲವೂ ಸಿಡಿದು ಸೀಸೆ ಬಾಂಬಾಗುತ್ತದೆ. ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ, ಕೆಲಸ ಮುಗಿದ ಕೂಡಲೇ ಮೆಷರ್ ಖಾಲಿ ಮಾಡಿ. ಮರುದಿನ ಅದರಲ್ಲಿ ಯಾವ ಮದ್ದು ಉಳಿದಿತ್ತೆಂದು ಊಹಿಸುವ ಪರಿಸ್ಥಿತಿ ಬೇಡ. ಡಬ್ಬಿ ತೆರೆದಾಗ ಹುಳಿ ಘಾಟು ಬಂದರೆ ಅಥವಾ ತುಕ್ಕಿನ ಬಣ್ಣದ ಧೂಳು ಕಂಡರೆ ಆ ಮದ್ದು ಕೆಟ್ಟಿದೆ. ಬೀಡಿ ಸಿಗರೇಟು, ಒಲೆ ಹತ್ತಿರ ಸುಳಿಯಬಾರದು.

ಸಾಮಾನ್ಯ ಪ್ರೈಮರಿನ ಮಸಿಯಲ್ಲಿ ಸೀಸವಿರುತ್ತದೆ. ಟಂಬ್ಲರಿನ ಧೂಳು ಇದನ್ನೇ ಹೊತ್ತು ಬರುತ್ತದೆ, ಹಾಗಾಗಿ ಅದನ್ನು ಮನೆಯ ಹೊರಗೆ, ಮುಚ್ಚಳ ಹಾಕಿಯೇ ಓಡಿಸಿ. ಅಡುಗೆಮನೆಯ ಮೇಜು, ಪಾತ್ರೆ ಬಳಸಬೇಡಿ. ಕೆಲಸದ ನಡುವೆ ತಿನ್ನಬಾರದು, ಮುಗಿದ ಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆಯಿರಿ. ಮಕ್ಕಳ ಕೈಗೆ ಎಟುಕದಂತೆ ಎಲ್ಲವೂ ಬೀಗದೊಳಗೆ.

ತಪ್ಪಾಗಿ ಮಾಡಿದ ತೋಟಾವನ್ನು ಬಿಚ್ಚುವುದು ಹೇಗೆ?

ಗುಂಡು ಕೀಳುವ ಸುತ್ತಿಗೆಯೊಳಗೆ ಸಿಕ್ಕಿಸಿ ಗಟ್ಟಿ ಮರದ ಮೇಲೆ ಬಡಿದರೆ ಗುಂಡು, ಮದ್ದು ಬೇರೆಯಾಗುತ್ತವೆ. ಆ ಮದ್ದನ್ನು ಡಬ್ಬಿಗೆ ಹಿಂದಕ್ಕೆ ಹಾಕಬೇಡಿ. ಪ್ರೈಮರ್ ಸಜೀವ ಇರುವ ಕೇಸನ್ನು ಹಾಗೇ ಮತ್ತೆ ಬಳಸಬಹುದು. ಕೀಳಲೇಬೇಕೆಂದರೆ ಕನ್ನಡಕ ಹಾಕಿ, ಮುಖ ದೂರವಿಟ್ಟು, ಹ್ಯಾಂಡಲನ್ನು ತೀರಾ ನಿಧಾನ ಒತ್ತಿ. ಎಣ್ಣೆಯಲ್ಲಿ ನೆನೆಸಿದರೆ ಪ್ರೈಮರ್ ಸಾಯುತ್ತದೆ ಎಂಬ ಮಾತು ಕೇಳಿರಬಹುದು, ಖಚಿತವಾಗಿ ಸಾಯುವುದಿಲ್ಲ.

ಪೆಟ್ಟಿಗೆಯ ಮೇಲೆ ಏನು ಬರೆಯಬೇಕು? ಸ್ನೇಹಿತರಿಗೆ ಕೊಡಬಹುದೇ?

ದಿನಾಂಕ, ಕ್ಯಾಲಿಬರ್, ಗುಂಡಿನ ತೂಕ ಮತ್ತು ಬಗೆ, ಮದ್ದಿನ ಹೆಸರು ಮತ್ತು ಗ್ರೇನ್, ಪ್ರೈಮರ್, ಒಟ್ಟು ಉದ್ದ, ಈ ಕೇಸ್ ಎಷ್ಟನೆಯ ಸಲ ಭರ್ತಿಯಾಗಿದೆ. ಚೀಟಿ ಇಲ್ಲದ ಪೆಟ್ಟಿಗೆ ಸಿಕ್ಕರೆ ಅದನ್ನು ಹಾರಿಸದೆ ಬಿಚ್ಚಿಹಾಕಿ. ಬೇರೆಯವರು ಭರ್ತಿ ಮಾಡಿದ್ದನ್ನು ನಿಮ್ಮ ಪಿಸ್ತೂಲಿಗೆ ಹಾಕಬೇಡಿ, ನಿಮ್ಮದನ್ನು ಅವರಿಗೆ ಕೊಡಬೇಡಿ. ನಿಮ್ಮ ನಳಿಗೆಗೆ ಹೊಂದಿಸಿದ ಲೋಡ್ ಅವರ ಪಿಸ್ತೂಲಿನಲ್ಲಿ ಏನು ಮಾಡುತ್ತದೆಂದು ಯಾರೂ ಅಳೆದಿಲ್ಲ. ಮರುಭರ್ತಿಯ ತೋಟಾದಿಂದ ಆದ ಹಾನಿಗೆ ಬಂದೂಕು ತಯಾರಕರು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ, ಆ ಸಾಲು ಪಿಸ್ತೂಲಿನ ಜೊತೆ ಬಂದ ಪುಸ್ತಿಕೆಯಲ್ಲೇ ಇರುತ್ತದೆ.